ಕಿಟಕಿಯ ಮೇಲಿನ ಮಣ್ಣಿನ ಕುಡಿಕೆಗಳು

ಗುಬ್ಬಿಯ ಸಂತೆ ಮೈದಾನದ ಹಿಂದಿನ ಬೀದಿಯಲ್ಲಿ ನಿಂತು ಸುಮನಾ ಎಲ್ಲಿ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಬ್ಲೌಸ್ ಸುಮನಾ ಎಂದರೆ ಮಾತ್ರ ಅಂಗಡಿಯವರಿಂದ ಹಿಡಿದು ಸೊಪ್ಪಿನವಳವರೆಗೆ ಎಲ್ಲರೂ ಕೈ ತೋರಿಸುತ್ತಾರೆ. ಊರಿನ ಅರ್ಧ ಹೆಂಗಸರ ತೋಳು, ಬೆನ್ನು, ಕತ್ತಿನ ಅಳತೆ ಬಲ್ಲ ಈಕೆಯ ಬಗ್ಗೆ ಊರು ಬಲ್ಲದ್ದು ಇಷ್ಟೇ: ಹೇಳಿದ ದಿನಕ್ಕೆ ಕೊಡುವುದಿಲ್ಲ, ಆದರೆ ಫಿಟ್ಟಿಂಗ್ ಚೆನ್ನಾಗಿರುತ್ತದೆ. ಉಳಿದದ್ದನ್ನು ಯಾರೂ ಕೇಳಲಿಲ್ಲ. ಕೇಳದಿದ್ದ ಮೇಲೆ ಅವಳಾದರೂ ಯಾರಿಗೆ ಹೇಳಬೇಕು?

ಕುಣಿಗಲ್ ಕಡೆಯ ಹಳ್ಳಿಯವಳು. ಮದುವೆಯಾಗಿತ್ತು. ಗಂಡ ತಿಪಟೂರಿನಲ್ಲಿ ಇನ್ನೊಂದು ಸಂಸಾರ ಹೂಡಿಕೊಂಡ. ಆ ಸುದ್ದಿ ಖಾತ್ರಿಯಾದ ವಾರದಲ್ಲೇ ಸುಮನಾ ಹೊಲಿಗೆ ಮೆಷಿನನ್ನು ಲಗೇಜ್ ಆಟೋಗೆ ಹಾಕಿಸಿಕೊಂಡು ಗುಬ್ಬಿಗೆ ಬಂದುಬಿಟ್ಟಳು. ಜಗಳವಿಲ್ಲ, ಪಂಚಾಯ್ತಿಯಿಲ್ಲ. ಮಕ್ಕಳಿರಲಿಲ್ಲ, ಹಾಗಾಗಿ ಹಂಚಿಕೊಳ್ಳುವುದಕ್ಕೂ ಏನೂ ಇರಲಿಲ್ಲ. ತೆಂಗಿನಕಾಯಿ ವ್ಯಾಪಾರದ ಸಿದ್ದಗಂಗಯ್ಯನವರ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಬೀದಿಗೆ ಒಂದು ಬಾಗಿಲು, ಹಿತ್ತಲಿಗೆ ಒಂದು ಮರದ ಕಿಟಕಿ. ಕೋಣೆಗೂ ಅವರ ನಡುಮನೆಗೂ ಮಧ್ಯೆ ಇನ್ನೊಂದು ಬಾಗಿಲಿತ್ತು. ಅದಕ್ಕೆ ಆ ಕಡೆಯಿಂದ ಚಿಲಕ ಹಾಕಿ ಬೀರು ಒತ್ತಿಟ್ಟಿದ್ದರು.

ಆ ಬಾಗಿಲಿನ ಸಂದಿಯಿಂದ ಒಂದು ಇಡೀ ಮನೆಯ ಸದ್ದು ಬರುತ್ತಿತ್ತು. ಮುದ್ದೆ ತಿರುವುವ ಸದ್ದು, ಟಿವಿಯ ಧಾರಾವಾಹಿ, ಒಬ್ಬರನ್ನೊಬ್ಬರು ಊಟಕ್ಕೆ ಕರೆಯುವುದು. ಸುಮನಾಳನ್ನು ಕರೆಯುವವರು ಯಾರೂ ಇರಲಿಲ್ಲ. ಗಿರಾಕಿಗಳು ಬರುತ್ತಿದ್ದರು, ಮಾತೂ ಆಡುತ್ತಿದ್ದರು, ಆದರೆ ಅದೆಲ್ಲ ತೋಳಿನ ಉದ್ದದ್ದು, ಹಿಂದಿನ ದಾರದ್ದು. ಒಂಟಿತನ ಅಂದರೆ ಏನು ಮಹಾ ಎನ್ನುವವರು ಜ್ವರ ಬಂದು ಮಲಗಿದಾಗ ಒಂದು ಲೋಟ ಬಿಸಿನೀರಿಗೆ ತಾವೇ ಎದ್ದು ನೋಡಲಿ, ಆಮೇಲೆ ಮಾತಾಡಲಿ. ಸುಮನಾ ಹಾಗೆ ಎಷ್ಟೋ ಸಲ ಎದ್ದಿದ್ದಳು. ಕೊನೆಕೊನೆಗೆ ಅವಳು ಮೆಷಿನಿನೊಂದಿಗೆ ಮಾತಾಡಲು ಶುರುಮಾಡಿದ್ದಳು, ಅದೂ ದಾರ ಕಡಿದಾಗ ಬೈಯುವುದಕ್ಕೆ.

ಆ ವರ್ಷ ಮಳೆ ನಿಂತು ಕಾರ್ತೀಕ ಬಂದಾಗ ಕಿಟಕಿಯಿಂದ ಒಂದು ಹುಳ ಒಳಗೆ ಬಂತು. ಕಪ್ಪು ಮೈ, ಅಲ್ಲಲ್ಲಿ ಹಳದಿ ಪಟ್ಟೆ, ನಡುವೋ ದಾರ ಕಟ್ಟಿ ಬಿಗಿದಷ್ಟು ಸಣ್ಣ. ಕಣಜದ ಹುಳ ಎಂದು ಗೊತ್ತಾದೊಡನೆ ಸುಮನಾ ಅಳತೆಕೋಲು ಎತ್ತಿದಳು. ಚಿಕ್ಕಂದಿನಲ್ಲಿ ಮಾವಿನ ಮರದ ಕಣಜಗಳು ಕಚ್ಚಿ ಮುಖವೆಲ್ಲ ಊದಿದ್ದು ನೆನಪಿತ್ತು. ಆದರೆ ಇದು ಅವಳತ್ತ ತಿರುಗಿಯೂ ನೋಡಲಿಲ್ಲ. ಬಾಯಲ್ಲಿ ಒಂದು ಹಸಿಮಣ್ಣಿನ ಉಂಡೆ ಕಚ್ಚಿಕೊಂಡಿತ್ತು. ಕಿಟಕಿ ಚೌಕಟ್ಟಿನ ಮೇಲ್ಗಡೆ ಕೂತು, ಗುಂಯ್ ಎನ್ನುತ್ತಾ ಆ ಉಂಡೆಯನ್ನು ಪಟ್ಟಿಯ ಹಾಗೆ ಎಳೆದು ಮೆತ್ತಿತು. ಹೋಯಿತು, ಮತ್ತೆ ಬಂತು. ಸುಮನಾ ಕೋಲು ಇಳಿಸಿ ಕೂತಳು. ಅವತ್ತು ಕೊಡಬೇಕಾಗಿದ್ದ ಬ್ಲೌಸ್ ಅವತ್ತು ಕೊಡಲಿಲ್ಲ. ಅದೇನು ಹೊಸ ವಿಷಯವಲ್ಲ ಬಿಡಿ.

ಸಂಜೆಗೆ ಒಂದು ಕುಡಿಕೆ ಎದ್ದಿತ್ತು. ಗೋಲಿಯಷ್ಟು ದಪ್ಪ, ಕಂಠ ಸಣ್ಣಗೆ, ಬಾಯಿ ಹೊರಕ್ಕೆ ಮಗುಚಿದ್ದು. ಮಾರನೆಯ ದಿನ ಆ ಹುಳ ಮಣ್ಣಿನ ಬದಲು ಹಸಿರು ಕಂಬಳಿಹುಳು ತಂದಿತು, ರೋಮವಿಲ್ಲದ ನುಣುಪಾದವು. ಹಿತ್ತಲಿನ ಅವರೆ ಬಳ್ಳಿಯಲ್ಲಿ, ಟೊಮೆಟೊ ಗಿಡದಲ್ಲಿ ಎಲೆ ತಿನ್ನುತ್ತಿದ್ದವೇ ಅವು. ಒಂದೊಂದಾಗಿ ಕುಡಿಕೆಯೊಳಗೆ ತುರುಕಿ ಬಾಯಿಗೆ ಮಣ್ಣು ಮೆತ್ತಿ ಮುಚ್ಚಿ, ಪಕ್ಕದಲ್ಲಿ ಇನ್ನೊಂದಕ್ಕೆ ಶುರುಮಾಡಿತು. ಬಾಯಾರಿದಾಗ ತುಳಸಿಯ ಹೂವಿನ ಮೇಲೆ ಕೂತು ರಸ ಹೀರುತ್ತಿತ್ತು. ಅಷ್ಟೊಂದು ಹುಳು ಹೊತ್ತು ತಂದರೂ ತಾನು ಒಂದನ್ನೂ ತಿನ್ನಲಿಲ್ಲ.

ಯಾಕೆ, ಏನು ಎನ್ನುವುದು ಅವಳಿಗೆ ರೇಡಿಯೋದಿಂದ ಗೊತ್ತಾಯಿತು. ಹೊಲಿಯುವಾಗ ರೇಡಿಯೋ ಹಚ್ಚಿಡುವುದು ಅವಳ ಅಭ್ಯಾಸ, ಕೃಷಿ ಕಾರ್ಯಕ್ರಮವಾದರೂ ಸರಿ, ಮನುಷ್ಯರ ದನಿ ಕೇಳಬೇಕು. ಒಂದು ಮಧ್ಯಾಹ್ನ ಕೃಷಿ ವಿಜ್ಞಾನದ ಮೇಡಂ ಒಬ್ಬರು ಮಾತಾಡುತ್ತಿದ್ದರು. ಜೇನು, ಕಣಜ ಎಂದರೆ ನಾವೆಲ್ಲ ದೊಡ್ಡ ಗೂಡು, ರಾಣಿ, ಸಾವಿರಾರು ಆಳು ಎಂದುಕೊಳ್ಳುತ್ತೇವೆ. ಆದರೆ ಅವುಗಳಲ್ಲಿ ಹೆಚ್ಚಿನ ಜಾತಿಗಳು ಒಂಟಿಯಾಗಿಯೇ ಬಾಳುತ್ತವೆ ಎಂದರು. ಸುಮನಾ ಮೆಷಿನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು.

ಮೇಡಂ ಹೇಳುತ್ತಾ ಹೋದರು. ಕುಂಬಾರ ಕಣಜದ ತಾಯಿ ಒಬ್ಬಳೇ ಗೂಡು ಕಟ್ಟುತ್ತಾಳೆ. ಕುಡಿಕೆಯ ಒಳಗೆ ಒಂದು ಎಳೆಯಲ್ಲಿ ಒಂದೇ ಒಂದು ಮೊಟ್ಟೆ ತೂಗುಬಿಡುತ್ತಾಳೆ. ಕಂಬಳಿಹುಳುಗಳನ್ನು ಕೊಲ್ಲದೆ, ಕುಟುಕಿ ಅಲುಗದ ಹಾಗೆ ಮಾಡಿ ತುಂಬುತ್ತಾಳೆ, ಮರಿಗೆ ತಾಜಾ ಊಟ ಇರಲಿ ಅಂತ. ಮುಚ್ಚಿ ಹೊರಟುಹೋಗುತ್ತಾಳೆ. ಮರಿಯ ಮುಖವನ್ನು ಅವಳು ನೋಡುವುದಿಲ್ಲ. ಮರಿ ತಿಂದು ಬೆಳೆದು, ರೆಕ್ಕೆ ಬಂದ ಮೇಲೆ ಮಣ್ಣನ್ನು ತಾನೇ ಕಡಿದುಕೊಂಡು ಹೊರಗೆ ಬರುತ್ತದೆ. ಎಲೆಯನ್ನು ದುಂಡಗೆ ಕತ್ತರಿಸಿ ಗೂಡಿಗೆ ಹಾಸುವ ಜೇನೂ ಹೀಗೆಯೇ, ಮರ ಕೊರೆಯುವ ಕಪ್ಪು ದುಂಬಿಯೂ ಸುಮಾರಾಗಿ ಹೀಗೆಯೇ. ನಿಮ್ಮ ಕುಂಬಳ, ಬದನೆ, ಅವರೆ ಕಾಯಿ ಕಚ್ಚುವುದರಲ್ಲಿ ಇಂಥ ಜೇನುಗಳ ದುಡಿಮೆ ಬಹಳ ಇದೆ, ಹುಳು ಹಿಡಿಯುವ ಕೆಲಸ ಕಣಜದ್ದು, ಕಂಡಕಂಡಲ್ಲಿ ಔಷಧಿ ಹೊಡೆದು ಇವನ್ನು ಸಾಯಿಸಬೇಡಿ ಎಂದು ಮುಗಿಸಿದರು. ಸುಮನಾ ಕಿಟಕಿಯ ಮೇಲೆ ನೋಡಿದಳು. ಯಾಕೋ ಅಳು ಬಂತು, ಅತ್ತಳು. ನೋಡುವವರಿಲ್ಲದ ಕೋಣೆಯಲ್ಲಿ ಅಳುವುದಕ್ಕೆ ನಾಚಿಕೆಯೇನು.

ಹುಳ ಮೂರು ಕುಡಿಕೆ ಮಾಡಿ, ಎಲ್ಲದರ ಮೇಲೂ ಇನ್ನೊಂದು ಕೈ ಮಣ್ಣು ಬಳಿದು, ಒಂದು ದಿನ ಬರಲಿಲ್ಲ. ಮತ್ತೆಂದೂ ಬರಲಿಲ್ಲ.

ಆ ವಾರ ಮನೆಯ ಯಜಮಾನಿ ಚಿಕ್ಕಗಂಗಮ್ಮ ಬ್ಲೌಸ್ ಪೀಸ್ ಹಿಡಿದು ಬಂದವರು ತಲೆಯೆತ್ತಿ ನೋಡಿ ಅಲ್ಲೇ ನಿಂತರು. ಮುಖ ಅರಳಿಹೋಯಿತು.

"ಇದ್ಯಾವಾಗ ಕಟ್ತು ಸುಮನಾ?"

"ಹೋದ ವಾರ ಅಮ್ಮ. ಏನೂ ಮಾಡಲ್ಲ ಅದು."

"ಮಾಡೋದಾ? ಬಸುರಿ ಇರೋ ಮನೇಗೇ ಕಟ್ಟೋದು ಕಣೇ ಅದು. ನಮ್ಮ ಮಾನಸಾಗೆ ಈಗ ಮೂರು ತಿಂಗಳು. ಯಾರ್ಗೂ ಹೇಳಿರ್ಲಿಲ್ಲ ನಾವು. ಹುಳಕ್ಕೆ ಹೆಂಗ್ ಗೊತ್ತಾಯ್ತು ನೋಡು."

ಆ ಕಡೆಯ ನಂಬಿಕೆ ಅದು. ಬಸುರಿಯಿರುವ ಮನೆಗೆ ಕುಂಬಾರ ಹುಳ ಗೂಡು ಕಟ್ಟುತ್ತದೆ, ಹೆರಿಗೆಯಾಗುವವರೆಗೆ ಅದನ್ನು ಯಾರೂ ಒಡೆಯಬಾರದು, ಗೂಡು ಗಟ್ಟಿಯಿದ್ದರೆ ಹೊಟ್ಟೆಯೂ ಗಟ್ಟಿ. ಸೊಸೆ ಮಾನಸಾಗೆ ಈ ಮೊದಲು ಎರಡು ಸಲ ಗರ್ಭ ನಿಂತು ಕೈಜಾರಿ ಹೋಗಿತ್ತು. ಹಾಗಾಗಿ ಚಿಕ್ಕಗಂಗಮ್ಮನಿಗೆ ಆ ಮಣ್ಣಿನ ಮುದ್ದೆ ದೇವರೇ ಬಂದು ಕೂತ ಹಾಗೆ ಕಂಡಿದ್ದರಲ್ಲಿ ತಪ್ಪೇನಿಲ್ಲ. ಅವತ್ತೇ ಬೀರು ಸರಿಸಿದರು, ಚಿಲಕ ತೆಗೆದರು. ಅಷ್ಟು ವರ್ಷ ಮುಚ್ಚಿದ್ದ ನಡುಬಾಗಿಲು ಒಂದು ಹುಳದಿಂದ ತೆರೆಯಿತು. ದಿನಾ ಮಧ್ಯಾಹ್ನ ಊಟವಾದ ಮೇಲೆ ಸೊಸೆ ಆ ಗೂಡಿನ ಕೆಳಗೆ ಸ್ವಲ್ಪ ಹೊತ್ತು ಕೂರಬೇಕು ಎಂದು ಅತ್ತೆಯ ಅಪ್ಪಣೆಯಾಯಿತು.

ಮಾನಸಾ ಮೊದಲ ದಿನ ಸಂಕೋಚದಿಂದ ಚಾಪೆಯ ತುದಿಯಲ್ಲಿ ಕೂತಳು. ಗಂಡ ಗಂಗಾಧರ್ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟು, ಮನೆಯಲ್ಲಿದ್ದಾಗ ಮಲಗಿರುತ್ತಾನೆ. ಅತ್ತೆ ಒಳ್ಳೆಯವರೇ, ಆದರೆ ಅವರ ಎದುರು ಬಾಯಿ ಬರುವುದಿಲ್ಲ. ಸುಮನಾಳೂ ತನ್ನ ಹಾಗೆ ಕುಣಿಗಲ್ ಕಡೆಯವಳೇ ಎಂದು ಗೊತ್ತಾದ ಮೇಲೆ ಹುಡುಗಿ ಚಾಪೆಯ ನಡುವಿಗೆ ಬಂದಳು. ಕುಣಿಗಲ್ ಕೆರೆ ಏರಿಯ ಗಾಳಿ, ಅಲ್ಲಿನ ಬಸ್ ಸ್ಟ್ಯಾಂಡಿನ ಬೋಂಡ, ಶಾಲೆಯ ಮೇಷ್ಟ್ರು, ಏನೆಲ್ಲ ಬಂತು. ಸುಮನಾ ಕೃಷಿಯ ಮೇಡಂ ಹೇಳಿದ್ದನ್ನು ಹೇಳಿದಳು. ಹಿತ್ತಲಿನ ಗುಲಾಬಿ ಎಲೆಯಲ್ಲಿ ದುಂಡು ದುಂಡಾಗಿ ತೂತು ಬಿದ್ದದ್ದನ್ನು ತೋರಿಸಿ, "ಇದು ರೋಗ ಅಲ್ಲ ಕಣೇ, ಒಂದು ಜೇನು ಮಾಡಿರೋ ಕಟಿಂಗು. ನನಗಿಂತ ನೀಟಾಗಿ ಕತ್ರಿ ಆಡ್ಸುತ್ತೆ" ಎಂದು ನಗಿಸಿದಳು.

ಒಂದು ದಿನ ಮಾನಸಾ ಕೇಳಿದಳು: "ಆ ತಾಯಿ ಹುಳ ಮತ್ತೆ ಬರೋದೇ ಇಲ್ವಾ ಅಕ್ಕ?"

"ಇಲ್ಲ. ಅದರ ಕೆಲಸ ಮುಗೀತು."

"ನಂದೂ ಎರಡು ಹೋದ್ವಲ್ಲ. ಮುಖ ನೋಡ್ಲಿಲ್ಲ ನಾನು. ಯಾರೂ ಅದ್ರ ಮಾತೇ ಎತ್ತಲ್ಲ ಮನೇಲಿ." ಹುಡುಗಿ ಬಿಕ್ಕಿದಳು. ಸುಮನಾ ಮೆಷಿನ್ ಬಿಟ್ಟು ಬಂದು ಪಕ್ಕದಲ್ಲಿ ಕೂತು ತಲೆ ಸವರಿದಳು. ಒಂದು ತಲೆಯನ್ನು ಸವರಿ ಎಷ್ಟು ವರ್ಷವಾಗಿತ್ತೋ, ಕೈಗೆ ಮರೆತೇಹೋಗಿತ್ತು.

ಅಲ್ಲಿಂದ ಮುಂದೆ ಸುಮನಾಳ ದಿನಕ್ಕೆ ಒಂದು ಮಧ್ಯಾಹ್ನ ಎನ್ನುವುದು ಬಂತು. ಬೆಳಗ್ಗೆಯಿಂದ ಅದನ್ನು ಕಾಯುವುದು, ಸಂಜೆ ಅದನ್ನು ನೆನೆಯುವುದು. ಸಾರು ಚೆನ್ನಾಗಿ ಬಂದರೆ ಒಂದು ಬಟ್ಟಲು ಎತ್ತಿಡುವಳು. ಮಾನಸಾ ಹುಣಸೆಕಾಯಿ ಕದ್ದು ತಂದು ಇಬ್ಬರೂ ಉಪ್ಪು ಹಚ್ಚಿಕೊಂಡು ತಿನ್ನುವರು. ಇದು ಗೂಡಿನ ದಯೆ ಎಂದು ಸುಮನಾಗೆ ಗೊತ್ತಿತ್ತು. ಗೂಡು ಹೋದರೆ ಚಿಲಕ ಮತ್ತೆ ಬೀಳುತ್ತದೆ ಎನ್ನುವುದೂ ಗೊತ್ತಿತ್ತು. ಮರಿ ಹೊರಗೆ ಬರುವ ಕಾಲ ಹತ್ತಿರವಾಗುತ್ತಿದ್ದಂತೆ ಅವಳಿಗೆ ಒಳಗೊಳಗೇ ದಿಗಿಲಾಯಿತು. ಕುಡಿಕೆಗೆ ತೂತು ಬಿದ್ದದ್ದನ್ನು ನೋಡಿದರೆ ಚಿಕ್ಕಗಂಗಮ್ಮ ಏನೆಂದುಕೊಳ್ಳುತ್ತಾರೋ. ಹೇಳಿಬಿಡೋಣ ಎಂದು ಬಾಯಿ ತೆರೆಯುವಳು, ಈ ಸುಖ ಇನ್ನೊಂದು ದಿನ ಇರಲಿ ಎಂದು ಮುಚ್ಚುವಳು.

ಅಷ್ಟರಲ್ಲಿ ಗೂಡಿನ ಅಂಚಿನಿಂದ ಒಂದು ಚೂರು ಮಣ್ಣು ಉದುರಿತು. ಹಲ್ಲಿ ಓಡಾಡಿ ಉದುರಿಸಿತೋ ಏನೋ. ಚಿಕ್ಕಗಂಗಮ್ಮ ಎದೆ ಹಿಡಿದುಕೊಂಡರು. ಮಾರನೆಯ ದಿನ ಸುಮನಾ ಲೈನಿಂಗ್ ಬಟ್ಟೆ ತರಲು ತುಮಕೂರಿಗೆ ಹೋಗಿದ್ದಳು. ತಿರುಗಿ ಬಂದು ಬಾಗಿಲು ತೆಗೆದರೆ ಹಸಿ ಸಿಮೆಂಟಿನ ವಾಸನೆ. ಕಿಟಕಿಯ ಮೇಲೆ ಮಣ್ಣಿನ ಕುಡಿಕೆಗಳಿಲ್ಲ, ಬೂದು ಬಣ್ಣದ ಒಂದು ಗಡ್ಡೆಯಿತ್ತು. ನಡುಬಾಗಿಲಲ್ಲಿ ಚಿಕ್ಕಗಂಗಮ್ಮ ನಗುತ್ತಾ ನಿಂತಿದ್ದರು.

"ಗಾರೆ ಗುಂಡಯ್ಯನ್ನ ಕರ್ಸಿ ಮೆತ್ತಿಸ್ಬುಟ್ಟೆ. ಇನ್ನ ಹಲ್ಲಿ ಅಲ್ಲ, ಆನೆ ಬಂದ್ರೂ ಅಲ್ಲಾಡಲ್ಲ."

"ಅಮ್ಮ, ಒಳಗೆ ಮರಿ ಇರುತ್ತೆ. ಅದು ಹೊರಗೆ ಬರ್ಬೇಕಲ್ಲ."

"ಬರ್ಬಾರ್ದು ಅಂತ ತಾನೆ ಮೆತ್ತಿಸಿರೋದು. ಒಂಬತ್ತು ತುಂಬೋ ತಂಕ ಯಾವ್ದೂ ಹೊರಗೆ ಬರ್ಬಾರ್ದು."

ಎರಡು ಸಲ ಕೈಜಾರಿದ್ದನ್ನು ಕಂಡ ಹೆಂಗಸಿಗೆ ಏನು ಹೇಳುವುದು? ಹೇಳಬೇಕಿತ್ತು. ಹಾಳಾದ ಬಾಯಿ, ಬೇಕಾದಾಗ ಬರುವುದಿಲ್ಲ.

ಮುಂದಿನ ಸಂತೆಯ ದಿನ ಚಿಕ್ಕಗಂಗಮ್ಮ ತರಕಾರಿಗೆ ಹೋಗಿದ್ದರು. ಮಾನಸಾ ಗೋಡೆಗೆ ಒರಗಿ ಕೂತಿದ್ದಳು. ಸುಮನಾ ಮೆಷಿನ್ ನಿಲ್ಲಿಸಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಆ ನಿಶ್ಶಬ್ದದಲ್ಲಿ ಮೇಲಿನಿಂದ ಸಣ್ಣ ಸದ್ದು ಬಂತು. ಕರ್ ಕರ್ ಎಂದು ಕೆರೆಯುವುದು, ನಿಲ್ಲುವುದು, ಮತ್ತೆ ಕೆರೆಯುವುದು. ಸುಮನಾ ಕೇಳಿಸದವಳ ಹಾಗೆ ತಲೆ ತಗ್ಗಿಸಿದಳು. ಮಾನಸಾ ಎದ್ದು ಸ್ಟೂಲ್ ಹತ್ತಿ ಸಿಮೆಂಟಿಗೆ ಕಿವಿ ಕೊಟ್ಟಳು.

"ಅಕ್ಕ, ಬಡ್ಕೋತಿದೆ ಇದು. ಒಳಗೆ."

"ಇಳಿ ಮೊದ್ಲು. ಬಸುರಿ ನೀನು."

"ಆಚೆ ಬರಕ್ಕೆ ಒದ್ದಾಡ್ತಿದೆ. ತೆಗೀರಿ ಅಕ್ಕ."

"ನಿಮ್ಮತ್ತೆ ಸುಮ್ನಿರ್ತಾರಾ? ನಾಳೆ ನಿಂಗೆ ಒಂದು ಹೊಟ್ಟೆನೋವು ಬಂದ್ರೂ ನನ್ನ ತಲೆ ಮೇಲೆ ಬರುತ್ತೆ ಕಣೇ."

"ನಾನೇ ತೆಗೀರಿ ಅಂದೆ ಅಂತ ಹೇಳ್ತೀನಿ. ಈ ಸದ್ದು ಕೇಳ್ಕೊಂಡು ನಂಗೆ ಕೂರಕ್ಕಾಗಲ್ಲ. ನನ್ನ ಹೊಟ್ಟೆ ಒಳಗೇ ಕೆರ್ದಂಗಾಗ್ತಿದೆ."

ಸುಮನಾ ಮೆಷಿನಿನ ಸ್ಕ್ರೂಡ್ರೈವರ್ ತೆಗೆದುಕೊಂಡಳು. ಈ ಮಧ್ಯಾಹ್ನಗಳು ಮುಗಿದವು ಎಂದು ಆ ಗಳಿಗೆಯಲ್ಲೇ ಅವಳಿಗೆ ಗೊತ್ತಾಗಿತ್ತು. ಆದರೂ ಸ್ಟೂಲ್ ಹತ್ತಿದಳು. ಗುಂಡಯ್ಯ ಕೆಲಸದಲ್ಲಿ ಮೋಸ ಮಾಡುವವನಲ್ಲ, ಸಿಮೆಂಟು ಕಲ್ಲಾಗಿತ್ತು. ಅಂಚಿನಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸಿದಳು. ಮೊದಲ ಕುಡಿಕೆಯಲ್ಲಿ ರೆಕ್ಕೆ ಬಂದ ಕಣಜ ಸತ್ತು ಬಿದ್ದಿತ್ತು. ಇನ್ನೊಂದರಲ್ಲಿ ಇನ್ನೂ ಬಣ್ಣ ಬಾರದ ಬಿಳಿಯ ಮರಿ, ಕೈಕಾಲು ಮಡಿಸಿ ಮಲಗಿದ್ದು, ಗೂಡು ಒಡೆದ ಮೇಲೆ ಅದು ಉಳಿಯುವುದಿಲ್ಲ. ಮೂರನೆಯದರಿಂದ ಒಂದು ಮುಖ ಹೊರಗೆ ಬಂತು. ಮೀಸೆ ಅಲ್ಲಾಡಿಸಿತು, ಮೈಯ ಧೂಳನ್ನು ಕಾಲಿನಿಂದ ಒರೆಸಿಕೊಂಡಿತು, ಕಿಟಕಿಯ ಸರಳಿನ ಮೇಲೆ ಬಿಸಿಲಲ್ಲಿ ಕೂತಿತು. ಮಾನಸಾ ಸುಮನಾಳ ಕೈ ಹಿಡಿದುಕೊಂಡು ನೋಡುತ್ತಿದ್ದಳು. ಅದು ಹಾರಿ ಅವರೆ ಬಳ್ಳಿಯ ಮೇಲೆ ಹೋಗಿ ಮರೆಯಾಗುವವರೆಗೂ ಅವಳು ಕೈ ಬಿಡಲಿಲ್ಲ.

ಚಿಕ್ಕಗಂಗಮ್ಮ ಸಂತೆಯಿಂದ ಬಂದಾಗ ನೆಲದ ಮೇಲೆ ಸಿಮೆಂಟಿನ ಚೂರುಗಳಿದ್ದವು, ಸುಮನಾಳ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಅವರ ಕೈಯಿಂದ ಬುಟ್ಟಿ ಬಿತ್ತು.

"ಯಾಕೇ ಒಡ್ದೆ?"

ಸುಮನಾ ಮಾನಸಾಳ ಕಡೆ ನೋಡಿದಳು. ಮಾನಸಾ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟುಕೊಂಡು ಗೋಡೆಗೆ ಅಂಟಿ ನಿಂತಿದ್ದಳು. ಸುಮನಾ ಕಾದಳು. ಬೀದಿಯಲ್ಲಿ ಒಂದು ಲಾರಿ ಹಾದುಹೋಯಿತು, ಅದರ ಸದ್ದು ಪೂರ್ತಿ ಇಳಿಯಿತು. ಹುಡುಗಿ ಉಸಿರೆತ್ತಲಿಲ್ಲ.

"ತಪ್ಪಾಯ್ತಮ್ಮ" ಎಂದಳು ಸುಮನಾ.

"ನಿನ್ನ ಮಡ್ಲಂತೂ ತುಂಬ್ಲಿಲ್ಲ. ನಮ್ಮುಡುಗೀದೂ ತುಂಬಬಾರ್ದಾ?" ಚಿಕ್ಕಗಂಗಮ್ಮ ಅಳುತ್ತಾ ಹೇಳಿದ ಮಾತದು. ಕೋಪದಲ್ಲಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಸೊಸೆಯ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದರು. ಆ ಕಡೆಯಿಂದ ಚಿಲಕ ಬಿತ್ತು. ಸ್ವಲ್ಪ ಹೊತ್ತಿಗೆ ಬೀರು ಎಳೆಯುವ ಸದ್ದೂ ಬಂತು. ಸಿದ್ದಗಂಗಯ್ಯ ಸಂಜೆ ಬಂದು, ನೆಲ ನೋಡಿಕೊಂಡೇ, ಬೇರೆ ಕಡೆ ಮನೆ ನೋಡಿಕೊಳ್ಳಮ್ಮ ಎಂದರು.

ಸುಮನಾಗೆ ಸಿಟ್ಟು ಬಂದಿತ್ತು. ಬಾರದೆ ಏನು, ಅವಳೇನು ಕಲ್ಲೇ? ಬಸ್ ಸ್ಟ್ಯಾಂಡಿನ ಹತ್ತಿರ ಕಿಟಕಿಯೇ ಇಲ್ಲದ ಒಂದು ಮಳಿಗೆ ಹಿಡಿದು, ಹಿಂದುಗಡೆ ಚಾಪೆ ಹಾಸಿಕೊಂಡು, ಎಷ್ಟೋ ದಿನ ಆ ಹುಡುಗಿಯನ್ನು ಮನಸ್ಸಿನಲ್ಲೇ ಬೈದಳು. ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಏನಾಗುತ್ತಿತ್ತು? ಆಮೇಲೆ ಆ ಗೋಡೆಗೆ ಅಂಟಿದ ಮುಖ ನೆನಪಾಗುತ್ತಿತ್ತು. ಒಂಟಿಯಾಗಿರುವವರಿಗೆ ಸಿಟ್ಟನ್ನು ಕಾಪಾಡಿಕೊಳ್ಳುವುದೂ ಕಷ್ಟ. ಅದಕ್ಕೆ ಒಗ್ಗರಣೆ ಹಾಕುವವರು ಬೇಕು. ಸಿಟ್ಟು ಹೋದ ಮೇಲೆ ಉಳಿದದ್ದು ಭಯ. ಹಾದುಹೋಗುವ ಗಿರಾಕಿಗಳನ್ನೆಲ್ಲ ಆ ಬೀದಿಯ ಸುದ್ದಿ ಕೇಳುವಳು, ಮಾನಸಾಳ ಹೆಸರು ಮಾತ್ರ ಎತ್ತಲಾರಳು. ವೈಶಾಖದಲ್ಲಿ ಯಾರೋ ಹೇಳಿದರು, ತೆಂಗಿನಕಾಯಿ ಸಿದ್ದಗಂಗಯ್ಯನ ಮನೆಯಲ್ಲಿ ಹೆಣ್ಣು ಮಗುವಂತೆ, ತಾಯಿ ಮಗು ಚೆನ್ನಾಗಿದ್ದಾರಂತೆ. ಸುಮನಾ ಅವತ್ತು ಬೇಗ ಷಟರ್ ಎಳೆದು ಒಳಗೆ ಕೂತಳು. ಹೇಳಿಕೊಂಡು ಸಂತೋಷಪಡುವುದಕ್ಕೆ ಯಾರೂ ಇರಲಿಲ್ಲ.

ಮಗುವಿನ ನಾಮಕರಣಕ್ಕೆ ಮುಂಚೆ ಒಂದು ಮಧ್ಯಾಹ್ನ ಚಿಕ್ಕಗಂಗಮ್ಮ ಮಳಿಗೆಗೆ ಬಂದರು. ತೋಳಲ್ಲಿ ಮಗು, ಹಿಂದೆ ಮಾನಸಾ. ಊರಲ್ಲಿ ಬೇರೆ ಟೈಲರುಗಳ ಫಿಟ್ಟಿಂಗ್ ನೋಡಿ ಸಾಕಾಗಿತ್ತೆಂದು ಕಾಣುತ್ತದೆ. ಹೆರಿಗೆಯಾದ ಮೇಲೆ ಹಳೆಯ ಬ್ಲೌಸ್ ಒಂದೂ ಆಗುತ್ತಿಲ್ಲ, ಹೊಸ ಅಳತೆ ತಗೋ ಎಂದು ಸ್ಟೂಲಿನ ಮೇಲೆ ಕೂತರು. ಸುಮನಾ ಟೇಪ್ ತೆಗೆದು ಮಾನಸಾಳ ಎದೆಯ ಸುತ್ತ ಹಿಡಿದಳು. ಇಬ್ಬರ ಮುಖ ಗೇಣಿನಷ್ಟು ದೂರವಿತ್ತು. ಮಾನಸಾ ನೆಲ ನೋಡುತ್ತಿದ್ದಳು. ಟೇಪಿನ ಕೆಳಗೆ ಅವಳ ಎದೆ ಡವಡವ ಹೊಡೆದುಕೊಳ್ಳುವುದು ಸುಮನಾಳ ಬೆರಳಿಗೆ ತಿಳಿಯುತ್ತಿತ್ತು.

ಚಿಕ್ಕಗಂಗಮ್ಮ ಮಗುವನ್ನು ತಟ್ಟುತ್ತಾ ಕೇಳಿದರು. "ದೇವ್ರು ದೊಡ್ಡೋನು, ಎಲ್ಲ ಸುಸೂತ್ರ ಆಯ್ತು. ನಂಗೀಗ ಸಿಟ್ಟಿಲ್ಲ ಬುಡು. ಆದ್ರೂ ಕೇಳ್ತೀನಿ, ಅವತ್ತು ಯಾಕಮ್ಮ ಒಡ್ದೆ ಅದನ್ನ? ಯಾರಾದ್ರೂ ಹೇಳಿದ್ರಾ ನಿಂಗೆ?"

ಬೆರಳ ಕೆಳಗೆ ಆ ಎದೆಬಡಿತ ಒಮ್ಮೆಲೇ ಜೋರಾಯಿತು. ಒಂದು ಮಾತು ಸಾಕಿತ್ತು. ಆ ಕೋಣೆ, ಆ ನಡುಬಾಗಿಲು, ಹೋದ ಮರ್ಯಾದೆ ಎಲ್ಲ ವಾಪಸು ಬರುತ್ತಿತ್ತೋ ಏನೋ.

"ಯಾರೂ ಹೇಳ್ಲಿಲ್ಲಮ್ಮ. ಒಳಗಿಂದು ಆಚೆ ಬರಕ್ಕೆ ಬಡ್ಕೋತಿತ್ತು. ತಡ್ಕೊಳ್ಳಕ್ಕಾಗ್ಲಿಲ್ಲ."

"ನಮ್ಮ ಮಾನಸಾನೂ ಅಲ್ಲೇ ಇದ್ಲಲ್ಲ. ಇವಳ್ಗೇನೂ ಕೇಳ್ಸಿಲ್ವಂತೆ."

ಸುಮನಾ ಟೇಪನ್ನು ಸರಿಮಾಡಿದಳು.

"ಇಲ್ಲಮ್ಮ. ಕೇಳ್ಸಿದ್ದು ನಂಗೊಬ್ಬಳ್ಗೇ."

"ಅದ್ಕೇ ಅನ್ನೋದು" ಎಂದು ಚಿಕ್ಕಗಂಗಮ್ಮ ಮನಸಾರೆ ನಕ್ಕರು. "ಒಬ್ಬೊಬ್ಬಳೇ ಇದ್ದೂ ಇದ್ದೂ ನಿಂಗೆ ಇಲ್ಲದ್ದೆಲ್ಲ ಕೇಳ್ಸುತ್ತೆ."

ಮಾನಸಾಳೂ ಅತ್ತೆಯ ಜೊತೆ ಸಣ್ಣಗೆ ನಕ್ಕಳು. ಕಣ್ಣು ಮೇಲೆತ್ತಲಿಲ್ಲ.

"ಕೈ ಸ್ವಲ್ಪ ಎತ್ತಮ್ಮ" ಎಂದಳು ಸುಮನಾ, "ತೋಳಿನ ಅಳತೆ ತಗೋಬೇಕು."